ರಜೆಗೆ ಮನೆಗೆ ಬಂದ ಮಕ್ಕಳು

ಮಳೆಗಾಲದ ಪೂರ್ವಸಿದ್ಧತೆ, ಮೈಲುತುತ್ತದ ದಾಸ್ತಾನು, ಸಿಂಪಡಣೆಯ ಕಾಲ, ಇವುಗಳ ಬಗ್ಗೆ ಈ ಸಂಚಿಕೆಯ ಬೇರೆ ಪುಟಗಳಲ್ಲಿ ವಿವರವಾಗಿ ಬಂದಿದೆ. ನಾನು ಈ ಸಲ ಅದನ್ನು ಬಿಟ್ಟು ಬೇರೊಂದು ವಿಷಯವನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇನೆ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯ ತನಕ ನಮ್ಮ ಮನೆಗಳಲ್ಲಿ ಮಕ್ಕಳಿರುತ್ತಾರೆ. ನಮಗೋ ಅದೇ ಕಾಲಕ್ಕೆ ತೋಟಕ್ಕೆ ನೀರು, ಮರಗಸಿ, ಗೊಬ್ಬರ, ಕಾಳುಮೆಣಸಿನ ವಿಲೇವಾರಿ. ಮಕ್ಕಳು ಮನೆಯಲ್ಲಿದ್ದಾರೆ ಎಂಬುದು ನಮಗೆಲ್ಲ ಗೊತ್ತು. ಹೇಗಿದ್ದಾರೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರಿಗೆ ತಕ್ಷಣ ಉತ್ತರ ಹೊಳೆಯುವುದಿಲ್ಲ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಸಂಘದ ಕಛೇರಿಯ ಕೌಂಟರಿನ ಎದುರು ನಿಂತು ಸದಸ್ಯರು ಆಡುತ್ತಿದ್ದ ಮಾತು ಧಾರಣೆ, ಆಳಿನ ಅಭಾವ, ಮಂಗನ ಕಾಟ ಇಷ್ಟರಲ್ಲೇ ಸುತ್ತುತ್ತಿತ್ತು. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. "ಮಗಳು ಹಾಸ್ಟೆಲಿನಿಂದ ಬಂದು ಹದಿನೈದು ದಿನ ಆಯ್ತು, ನಾಲ್ಕು ಮಾತು ಆಡಿದ್ದಿಲ್ಲ ಮಾರಾಯ್ರೆ" ಎನ್ನುತ್ತಾರೆ ಒಬ್ಬರು. "ಇವನು ರಾತ್ರಿ ಎರಡು ಗಂಟೆ ತನಕ ಮೊಬೈಲು, ಏಳೋದು ಬೆಳಿಗ್ಗೆ ಹನ್ನೊಂದಕ್ಕೆ" ಎಂದು ಇನ್ನೊಬ್ಬರು. ಮತ್ತೊಬ್ಬರ ಮಗನಿಗೆ ಊಟಕ್ಕೆ ಕರೆದಾಗಲೆಲ್ಲ ಹೊಟ್ಟೆನೋವು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಏನೂ ಇಲ್ಲದೆ ಹೊಟ್ಟೆ ನೋಯುವುದಿಲ್ಲ. ಮನಸ್ಸಿನಲ್ಲಿ ಇದ್ದುದು ಹೊಟ್ಟೆಯಲ್ಲಿ ಕಾಣಿಸಿಕೊಂಡಿದೆ ಅಷ್ಟೆ. ಜಗತ್ತಿನಲ್ಲಿ 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಏಳರ ಲೆಕ್ಕಕ್ಕೆ ನಮ್ಮ ಮಲೆನಾಡು ಹೊರತಾಗಿರಲು ಕಾರಣವಿಲ್ಲ.

ಮಕ್ಕಳನ್ನು ಗಿಡಕ್ಕೆ ಹೋಲಿಸಿ ಭಾಷಣ ಮಾಡುವುದು ನನಗೆ ಹಿಡಿಸದು. ಗಿಡಕ್ಕೆ ಗೊಬ್ಬರ ಹಾಕಿದರೆ ಅದು ಎದುರು ಮಾತಾಡುವುದಿಲ್ಲ. ಆದರೂ ಒಂದೇ ಒಂದು ಹೋಲಿಕೆ ಮಾಡುತ್ತೇನೆ, ಏಕೆಂದರೆ ಇದು ನಮಗೆ ಬೇಗ ಅರ್ಥವಾಗುತ್ತದೆ. ಕಾಫಿಯ ಮೊಗ್ಗು ಅರಳಬೇಕಾದರೆ ಮೊದಲು ಕೆಲವು ಕಾಲ ಒಣಹವೆಯ ಬಾಧೆ ಬೇಕು, ಆಮೇಲೆ ಹೂಮಳೆ ಬೇಕು. ಬಾಧೆಯೇ ಇಲ್ಲದಿದ್ದರೆ ಹೂವು ಒಟ್ಟಾಗಿ ಬರುವುದಿಲ್ಲ. ಬಾಧೆಯೇ ಮುಂದುವರಿದರೆ ಮೊಗ್ಗು ಕರಟುತ್ತದೆ. ಮಕ್ಕಳ ಒತ್ತಡವೂ ಹೀಗೆಯೇ. ಪರೀಕ್ಷೆಯ ಮುಂಚಿನ ದಿನ ಎದೆ ಹೊಡೆದುಕೊಳ್ಳುವುದು, ಬೇಗ ಎಚ್ಚರವಾಗುವುದು ಕೆಡುಕೇನಲ್ಲ. ಆಗ ಶರೀರವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಟ್ಟು ಕೆಲಸಕ್ಕೆ ಅಣಿಯಾಗುತ್ತದೆ. ಕೆಲಸ ಮುಗಿದ ಮೇಲೆ ಅದು ಇಳಿಯಬೇಕು. ತಿಂಗಳುಗಟ್ಟಲೆ ಇಳಿಯದೆ ಉಳಿದರೆ ನಿದ್ದೆ ಕೆಡುತ್ತದೆ, ಹಸಿವು ಕೆಡುತ್ತದೆ, ನೆನಪು ಮಂಕಾಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಇದು ಇಳಿಯಲೆಂದೇ ರಜೆ ಇರುವುದು.

ಆದರೆ ರಜೆ ಎಲ್ಲಿದೆ? ನಮ್ಮ ರಾಜ್ಯದಲ್ಲಿ 2024ನೇ ಇಸವಿಯಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಉದ್ದೇಶ ಒಳ್ಳೆಯದೇ. ಒಮ್ಮೆ ಎಡವಿದ ಹುಡುಗ ವರ್ಷವಿಡೀ ಕಾಯಬೇಕಾಗಿಲ್ಲ. ಆದರೆ ಎಡವದೆ ಇರುವವನನ್ನೂ "ಇನ್ನು ನಾಲ್ಕು ಅಂಕ ಬರುತ್ತಿತ್ತು" ಎಂದು ಮತ್ತೆ ಪುಸ್ತಕಕ್ಕೆ ಕೂರಿಸುವ ಮನೆಗಳಿವೆ. ಏಪ್ರಿಲಿನಲ್ಲಿ ಸಿ.ಇ.ಟಿ., ಮೇ ಮೊದಲಲ್ಲಿ ನೀಟ್. ಇವೆರಡೂ ದೊಡ್ಡ ಮಕ್ಕಳ ಮಾತಾಯಿತು. ಆರನೆಯ ತರಗತಿಯ ಮಕ್ಕಳನ್ನೂ ಮುಂದಿನ ವರ್ಷದ ಪಾಠ ಈಗಲೇ ಮಾಡುವ ಶಿಬಿರಕ್ಕೆ ಸೇರಿಸಲು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದವರನ್ನು ನಾನು ಬಲ್ಲೆ. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯ 31ನೆಯ ವಿಧಿಯಲ್ಲಿ ವಿಶ್ರಾಂತಿ, ವಿರಾಮ, ಆಟ ಮಗುವಿನ ಹಕ್ಕು ಎಂದಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ನಮ್ಮ ಮನೆಗಳು ಒಪ್ಪಿಕೊಳ್ಳುವುದು ಬಾಕಿ ಇದೆ.

ಸಾಲದ ಮಾತು ಕೇಳುವ ಕಿವಿಗಳು

ಪರೀಕ್ಷೆ, ಮೊಬೈಲು ಇವನ್ನು ಎಲ್ಲರೂ ದೂರುತ್ತಾರೆ. ತೋಟದ ಮನೆಯ ಮಕ್ಕಳಿಗೆ ಇನ್ನೊಂದು ಹೊರೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ನಮ್ಮದೇ ಚಿಂತೆಯ ಹೊರೆ.

ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ ಸದಸ್ಯರೊಬ್ಬರು ಗೊಬ್ಬರ ಒಯ್ಯಲು ಪಿಕಪ್ ತಂದಿದ್ದರು. ಜೊತೆಗೆ ಹನ್ನೆರಡು ವರ್ಷದ ಮಗ. ಅಪ್ಪ ಗೋದಾಮಿನ ಬಾಗಿಲಲ್ಲಿ ಚೀಲ ಎಣಿಸುತ್ತಿದ್ದಾಗ ಹುಡುಗ ನನ್ನ ಮೇಜಿನ ಹತ್ತಿರ ಬಂದು, ಸುತ್ತಮುತ್ತ ನೋಡಿ, "ದೊಡ್ಡಪ್ಪಾ, ನಮ್ಮ ಅಪ್ಪಯ್ಯನ ಸಾಲ ಎಷ್ಟಿದೆ?" ಎಂದು ಕೇಳಿದ.

ಯಾವ ಸದಸ್ಯರ ಲೆಕ್ಕವನ್ನೂ ಇನ್ನೊಬ್ಬರಿಗೆ ಹೇಳುವಂತಿಲ್ಲ, ಮಗನಿಗೂ ಹೇಳುವಂತಿಲ್ಲ ಎಂದೆ. "ಯಾಕೋ ಕೇಳಿದ್ದು?" ಎಂದು ವಿಚಾರಿಸಿದರೆ, "ತೋಟ ಮಾರೋದು ಅಂತ ಅಮ್ಮನ ಹತ್ರ ಹೇಳ್ತಾ ಇದ್ರು. ಮಾರಿದ್ರೆ ನಾವು ಎಲ್ಲಿ ಇರೋದು? ನನ್ನ ಹಾಸ್ಟೆಲ್ ಫೀಸಿಂದಲೇ ಆಗಿದ್ದು ಅಂತ ಕಾಣತ್ತೆ" ಎಂದ. ಅವನು ಈ ಮಾತನ್ನು ಎಷ್ಟು ದಿನದಿಂದ ಒಳಗೆ ಇಟ್ಟುಕೊಂಡಿದ್ದನೋ. ಅವನನ್ನು ಕೂರಿಸಿ ಬೆಳೆಸಾಲವೆಂದರೆ ಏನು, ಅದನ್ನು ವರ್ಷವರ್ಷವೂ ತೆಗೆದು ಫಸಲು ಬಂದ ಮೇಲೆ ಕಟ್ಟುವುದು ಹೇಗೆ, ಸಂಘದ ಹೆಚ್ಚುಪಾಲು ಸದಸ್ಯರೂ ಹಾಗೆಯೇ ಮಾಡುತ್ತಾರೆ ಎಂಬುದನ್ನು ಒಂದು ಖಾಲಿ ಚೀಟಿಯ ಮೇಲೆ ಬರೆದು ತೋರಿಸಿದೆ. ಹುಡುಗ ಬುದ್ಧಿವಂತ. ಬಡ್ಡಿಯ ಲೆಕ್ಕವನ್ನು ನನಗಿಂತ ಬೇಗ ಮಾಡಿದ. ಅವನ ಅಪ್ಪನಿಗೆ ಆಮೇಲೆ ವಿಷಯ ತಿಳಿಸಿದೆ. "ಮಾರುವ ಮಾತು ಸಿಟ್ಟಿಗೆ ಅಂದದ್ದು ಸೆಕ್ರೆಟರಿಯವರೇ" ಎಂದು ಅವರು ತಲೆ ತಗ್ಗಿಸಿದರು.

ಈ ಕೆಲವು ವರ್ಷಗಳಲ್ಲಿ ಅಡಿಕೆಗೆ ಎಲೆಚುಕ್ಕಿ, ಮಳೆ ಹೆಚ್ಚಿದ ವರ್ಷ ಕೊಳೆ, ಕಾಫಿಗೆ ಕಾಲವಲ್ಲದ ಕಾಲದ ಮಳೆ, ಇದೆಲ್ಲ ನಮ್ಮನ್ನು ಹಣ್ಣು ಮಾಡಿದೆ ನಿಜ. ರಾತ್ರಿ ಊಟದ ಹೊತ್ತಿಗೆ ಈ ಮಾತು ಬಾರದೆ ಇರುವುದಿಲ್ಲ. ದೊಡ್ಡವರು ಅಲ್ಲಿಗೆ ಹೇಳಿ ಮುಗಿಸಿ ಮಲಗುತ್ತಾರೆ. ಕೇಳಿಸಿಕೊಂಡ ಮಗು ಮಲಗುವುದಿಲ್ಲ. ಮಕ್ಕಳಿಗೆ ಎಲ್ಲವನ್ನೂ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ, ಮುಚ್ಚಿಟ್ಟರೆ ಅವರು ಇನ್ನೂ ದೊಡ್ಡದನ್ನು ಊಹಿಸಿಕೊಳ್ಳುತ್ತಾರೆ. ಹಗಲು ಹೊತ್ತಿನಲ್ಲಿ, ಸಮಾಧಾನದಿಂದ, ಅವರ ವಯಸ್ಸಿಗೆ ತಕ್ಕಷ್ಟು ಹೇಳಬೇಕು: ಈ ವರ್ಷ ಫಸಲು ಕಡಿಮೆ, ಆದ್ದರಿಂದ ಹೊಸ ಬೈಕು ಇಲ್ಲ, ನಿನ್ನ ಶಾಲೆ ನಿಲ್ಲುವುದಿಲ್ಲ, ನಿನ್ನಿಂದ ಆದದ್ದಲ್ಲ. ಈ ಕೊನೆಯ ಮಾತನ್ನು ಬಾಯಿಬಿಟ್ಟೇ ಹೇಳಬೇಕು. ಮನೆಯ ಕಷ್ಟಕ್ಕೆಲ್ಲ ತಾನೇ ಕಾರಣವೆಂದು ಮಕ್ಕಳು ನಂಬುವುದು ನಾವು ತಿಳಿದುಕೊಂಡಿರುವುದಕ್ಕಿಂತ ಹೆಚ್ಚು.

ಮುಯ್ಯಿ ಮಕ್ಕಳು

ನಮ್ಮದು ಒಂಟಿಮನೆಗಳ ಸೀಮೆ. ಒಂದು ಮನೆಯಿಂದ ಇನ್ನೊಂದಕ್ಕೆ ಕಾಡು, ಹಳ್ಳ ದಾಟಬೇಕು. ಹಿಂದೆ ಮನೆಯೊಳಗೇ ಹತ್ತು ಮಕ್ಕಳಿದ್ದವು. ರಜೆ ಬಂತೆಂದರೆ ಅತ್ತೆಯ ಮಕ್ಕಳು, ಚಿಕ್ಕಮ್ಮನ ಮಕ್ಕಳು ಸೇರಿ ಹದಿನೈದಾಗುತ್ತಿತ್ತು. ಅಡಿಕೆ ಹಾಳೆಯ ಬಂಡಿ ಎಳೆದು, ಮಾವಿನ ಮಿಡಿಗೆ ಕಲ್ಲು ಬೀರಿ, ಜಗಳವಾಡಿ, ರಾಜಿಯಾಗಿ, ಸಂಜೆಗೆ ಸುಸ್ತಾಗಿ ಬೀಳುತ್ತಿದ್ದರು. ಯಾರೂ ಅವರ ಮನಸ್ಸಿನ ಆರೋಗ್ಯವೆಂಬ ಹೆಸರು ಹೇಳುತ್ತಿರಲಿಲ್ಲ, ಅದು ಹಾಗೆಯೇ ಆಗಿಹೋಗುತ್ತಿತ್ತು. ಕುವೆಂಪು ಅವರ 1933ರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಆ ಕಾಲದ ಬಾಲ್ಯದ ರುಚಿ ಗೊತ್ತು. ಈಗ ಮನೆಗೊಂದು ಮಗು, ಹೆಚ್ಚೆಂದರೆ ಎರಡು. ಅದರಲ್ಲೂ ಐದನೆಯ ತರಗತಿಯಿಂದಲೇ ಘಟ್ಟದ ಕೆಳಗಿನ ವಸತಿಶಾಲೆಯಲ್ಲಿದ್ದು ಬಂದ ಮಗುವಿಗೆ ಊರಿನಲ್ಲಿ ಗೆಳೆಯರೇ ಇರುವುದಿಲ್ಲ. ಅದು ತನ್ನ ಮನೆಗೇ ನೆಂಟನಂತೆ ಬರುತ್ತದೆ. ಆಗ ಕೈಗೆ ಸಿಕ್ಕ ಮೊಬೈಲೇ ಗೆಳೆಯ. ಅದನ್ನು ಕಸಿದುಕೊಳ್ಳುವ ಮೊದಲು ಅದರ ಜಾಗಕ್ಕೆ ಏನು ಕೊಡುತ್ತೇವೆ ಎಂದು ಯೋಚಿಸಬೇಕು.

ನಮ್ಮ ಹಿರಿಯರು ಆಳಿನ ಅಭಾವಕ್ಕೆ ಮುಯ್ಯಾಳು ಎಂಬ ಉಪಾಯ ಕಂಡುಕೊಂಡಿದ್ದರು. ಇಂದು ನಿನ್ನ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು. ಕಳೆದ ಬೇಸಗೆಯಲ್ಲಿ ನಮ್ಮ ಭಾಗದ ನಾಲ್ಕು ಮನೆಯವರು ಇದನ್ನೇ ಮಕ್ಕಳಿಗೆ ಮಾಡಿ ನೋಡಿದೆವು. ಏಳರಿಂದ ಹದಿನೈದು ವರ್ಷದ ಒಟ್ಟು ಒಂಬತ್ತು ಮಕ್ಕಳು, ಒಂದೊಂದು ಮನೆಯಲ್ಲಿ ಮೂರು ಮೂರು ದಿನ. ತರಗತಿಯಿಲ್ಲ, ಬಹುಮಾನವಿಲ್ಲ, ಫೋಟೋ ತೆಗೆದು ಹಂಚುವುದಿಲ್ಲ ಎಂದು ಮೊದಲೇ ಕರಾರು. ಮೊದಲ ಎರಡು ದಿನ ಜಗಳ, "ಬೋರು" ಎಂಬ ಗೋಳು. ಮೂರನೆಯ ಮನೆಗೆ ಮೊಬೈಲ್ ರೇಂಜೇ ಇರಲಿಲ್ಲ. ಆ ಮನೆಯವರು ಅದಕ್ಕಾಗಿ ಸಂಕೋಚಪಟ್ಟುಕೊಂಡರು, ಆದರೆ ಮಕ್ಕಳು ಹೆಚ್ಚು ಹಚ್ಚಿಕೊಂಡದ್ದು ಆ ಮನೆಯನ್ನೇ. ಅಲ್ಲಿ ಹಳ್ಳಕ್ಕೆ ಕಲ್ಲಿನ ಕಟ್ಟ ಹಾಕಿದರು, ಅಜ್ಜಿಯ ಜೊತೆ ಹಲಸಿನ ಹಪ್ಪಳ ಒತ್ತಿದರು, ಕತ್ತಲಾದ ಮೇಲೆ ಅಂಗಳದಲ್ಲಿ ಕೂತು ಮಿಂಚುಹುಳ ನೋಡಿದರು. ಹದಿನೈದರ ಹುಡುಗಿಯೊಬ್ಬಳು ಮೊದಲಿಗೆ ಒಂದು ಮೂಲೆಯಲ್ಲಿ ಕೂತಿರುತ್ತಿದ್ದಳು. ಸಣ್ಣವರಿಗೆ ಕತೆ ಹೇಳುವ ಕೆಲಸ ಹೇಗೋ ಅವಳ ಪಾಲಿಗೆ ಬಂತು. ನಾಲ್ಕನೆಯ ಮನೆಗೆ ಹೋಗುವ ಹೊತ್ತಿಗೆ ಅವಳೇ ಎಲ್ಲರ ನಾಯಕಿ. ಪವಾಡವೇನೂ ಆಗಲಿಲ್ಲ. ಹೋದ ಮೇಲೆ ಮತ್ತೆ ಮೊಬೈಲು ಹಿಡಿದವರೂ ಇದ್ದಾರೆ. ಆದರೆ ಆ ಹನ್ನೆರಡು ದಿನ ಒಂಬತ್ತು ಮಕ್ಕಳೂ ರಾತ್ರಿ ಕರೆಯದೆಯೇ ಮಲಗಿದವು.

ಒಂದು ಮನೆಯಲ್ಲಿ ಲೈನಿನ ಮಕ್ಕಳೂ ಆಟಕ್ಕೆ ಸೇರಿದರು. ಒಬ್ಬಿಬ್ಬರು ಹಿರಿಯರು ಗೊಣಗಿದರು. ಗೊಣಗಿದ್ದು ನನಗೆ ಸರಿ ಕಾಣಲಿಲ್ಲ, ಹೇಳಿಯೂ ಹೇಳಿದೆ. ದೂರದ ಊರಿಂದ ಅಪ್ಪ ಅಮ್ಮನ ಜೊತೆ ಬಂದು ನಮ್ಮ ತೋಟದಲ್ಲಿ ರಜೆ ಕಳೆಯುವ ಆ ಮಕ್ಕಳಿಗೆ ನಮ್ಮ ಮಕ್ಕಳಿಗಿಂತ ಹೆಚ್ಚು ಒಂಟಿತನವಿದೆ.

ದಿನದ ಕಟ್ಟು

ರಜೆಯಲ್ಲಿ ವೇಳಾಪಟ್ಟಿ ಹಾಕುವುದು ನನಗೆ ಇಷ್ಟವಿಲ್ಲ, ಆದರೆ ದಿನಕ್ಕೆ ಒಂದು ಕಟ್ಟು ಬೇಕು. ಅದರಲ್ಲಿ ಮೊದಲನೆಯದು ನಿದ್ದೆ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಹಾಸ್ಟೆಲಿನಿಂದ ಬಂದವರು ಮೊದಲ ನಾಲ್ಕೈದು ದಿನ ಸಿಕ್ಕಾಪಟ್ಟೆ ಮಲಗುತ್ತಾರೆ. ಮಲಗಲಿ ಬಿಡಿ, ಹಳೆಯ ಬಾಕಿ ತೀರಿಸುತ್ತಿದ್ದಾರೆ. ಆಮೇಲೆ ಏಳುವ ಹೊತ್ತು ಒಂದಕ್ಕೆ ನಿಲ್ಲಲಿ. ಮೊಬೈಲು ರಾತ್ರಿ ಜಗಲಿಯಲ್ಲಿ ಚಾರ್ಜಿಗೆ ಇರಲಿ, ಮಲಗುವ ಕೋಣೆಯಲ್ಲಿ ಬೇಡ. ಈ ನಿಯಮ ಅಪ್ಪನ ಮೊಬೈಲಿಗೂ ಅನ್ವಯಿಸದಿದ್ದರೆ ಎರಡು ದಿನ ನಿಲ್ಲದು. ಮೊಬೈಲಿನ ಗೀಳು ಮನೆಯ ಮಾತಿಗೆ ಮಣಿಯದಷ್ಟು ಬೆಳೆದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಇದಕ್ಕೆಂದೇ ಚಿಕಿತ್ಸಾಲಯ ಶುರುವಾಗಿದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನಿಲ್ಲ.

ದಿನಕ್ಕೆ ಒಂದು ಗಂಟೆಯಾದರೂ ಬೆವರು ಬರುವಂತೆ ಮೈ ಆಡಬೇಕು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದೂ ಅಷ್ಟೇ, 60 ನಿಮಿಷ. ನಮ್ಮಲ್ಲಿ ಅದಕ್ಕೆ ಮೈದಾನ ಹುಡುಕಬೇಕಾಗಿಲ್ಲ. ಈಜಿಗೆ ಮಾತ್ರ ದೊಡ್ಡವರು ಜೊತೆಗಿರಲೇಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಹೊಳೆಗಿಂತ ಅಪಾಯ. ಜಾರಿದರೆ ಈಜು ಬಂದವನಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಹಾಕಿ, ಗಂಟು ಕಟ್ಟಿದ ಹಗ್ಗವನ್ನು ನೀರಿನ ತನಕ ಇಳಿಬಿಡಿ.

ತನ್ನನ್ನು ತಾನು ನೋಡಿಕೊಳ್ಳುವುದನ್ನು ಮಕ್ಕಳು ಕಲಿಯುವುದಕ್ಕೂ ರಜೆಯೇ ಸರಿಯಾದ ಕಾಲ. ತನ್ನ ಬಟ್ಟೆ ತಾನು ಒಗೆಯುವುದು, ಗಂಜಿ ಬೇಯಿಸಿಕೊಳ್ಳುವುದು, ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳುವುದು, ಗಂಡುಮಕ್ಕಳಿಗೂ ಇದು ಬೇಕು. ಎದೆ ಹೊಡೆದುಕೊಳ್ಳುವಾಗ ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ನಿಧಾನವಾಗಿ ಬಿಡುವುದನ್ನು ಹೇಳಿಕೊಡಿ. ಐದು ನಿಮಿಷದಲ್ಲಿ ಎದೆಬಡಿತ ತಗ್ಗುವುದನ್ನು ಅವರೇ ಗಮನಿಸಬಹುದು. "ನನಗೆ ಸಾಕಾಯ್ತು, ಸ್ವಲ್ಪ ಹೊತ್ತು ಬಿಡಿ" ಎಂದು ಹೇಳುವುದನ್ನೂ ಕಲಿಯಬೇಕು. ಹಾಗೆ ಹೇಳಿದ ಮಗುವಿಗೆ "ಎದುರುತ್ತರ" ಎಂಬ ಹೆಸರು ಕೊಡಬೇಡಿ.

ಮಗುವಿಗೆ ತನ್ನದೇ ಒಂದು ಕೆಲಸ ಇರಲಿ. ನಮ್ಮಲ್ಲಿ ಬಹಳ ಮಂದಿ ಮಳೆಮಾಪಕ ಇಟ್ಟವರು. ಅದನ್ನು ರಜೆಯಲ್ಲಿ ಮಗುವಿಗೆ ಒಪ್ಪಿಸಿಬಿಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆಯುವುದು, ಸೊನ್ನೆಯಾದರೂ ಬರೆಯುವುದು. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್ ಎಂಬ ಲೆಕ್ಕ ಅಲ್ಲೇ ಬರುತ್ತದೆ. ಹಳೆಯ ಪುಸ್ತಕ ತೆಗೆದು ಅಜ್ಜನ ಕಾಲದ ಮೇ ತಿಂಗಳ ಮಳೆಗೆ ಈಗಿನದನ್ನು ಹೋಲಿಸಲಿ. ಅಂಕ ಕೊಡುವವರಿಲ್ಲದ ಕೆಲಸ ಅದು, ಆದರೆ ಇಡೀ ಮನೆ ಆ ಅಂಕಿಗಾಗಿ ಕಾಯುತ್ತದೆ. ತೋಟದ ಕೆಲಸಕ್ಕೆ ಮಕ್ಕಳನ್ನು ಹಚ್ಚುವಾಗ ಕಾನೂನು ನೆನಪಿರಲಿ. 2016ರ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನವರು ಸ್ವಂತ ಮನೆಯ ಅಪಾಯವಿಲ್ಲದ ಕೆಲಸದಲ್ಲಿ, ಶಾಲೆಯ ಹೊತ್ತು ಬಿಟ್ಟು ಅಥವಾ ರಜೆಯಲ್ಲಿ, ನೆರವಾಗಬಹುದು ಅಷ್ಟೆ. ಸಿಂಪಡಣೆ, ಮರ ಹತ್ತುವುದು, ಯಂತ್ರ ಇವು ಖಂಡಿತ ಕೂಡದು. ಆಳಿನ ಮಕ್ಕಳನ್ನು ಕೆಲಸಕ್ಕೆ ಕರೆಯುವುದಂತೂ ಅಪರಾಧ.

ಫಲಿತಾಂಶದ ವಾರ

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಫಲಿತಾಂಶದ ದಿನಗಳಲ್ಲಿ ಮಕ್ಕಳು ಜೀವಕ್ಕೆ ಅಪಾಯ ಮಾಡಿಕೊಂಡ ಸುದ್ದಿಯನ್ನು ಪ್ರತಿವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಪೇಟೆಯ ಮನೆಗೂ ನಮ್ಮ ಮನೆಗೂ ಒಂದು ವ್ಯತ್ಯಾಸವಿದೆ. ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಕೀಟನಾಶಕ ಕಳೆನಾಶಕಗಳ ಡಬ್ಬ ಇರುತ್ತದೆ. ಅನೇಕವನ್ನು ನಮ್ಮ ಸಂಘದಿಂದಲೇ ಒಯ್ದಿರುತ್ತೀರಿ, ಆದ್ದರಿಂದ ಹೇಳುವ ಹೊಣೆಯೂ ನನ್ನದೇ. ಅವನ್ನು ಬೀಗ ಹಾಕುವ ಕಪಾಟಿನಲ್ಲಿಡಿ, ಬೀಗದ ಕೈ ದೊಡ್ಡವರ ಸೊಂಟದಲ್ಲಿರಲಿ. ಉಳಿಕೆಯನ್ನು ಬೇರೆ ಬಾಟಲಿಗೆ ಸುರಿದಿಡಬೇಡಿ. ಮನಸ್ಸು ಕೆಟ್ಟ ಗಳಿಗೆ ಹೆಚ್ಚಾಗಿ ಬಹಳ ಹೊತ್ತು ಇರುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ ಎಂಬುದು ಅನೇಕ ದೇಶಗಳಲ್ಲಿ ಕಂಡುಬಂದ ಸತ್ಯ.

ಫಲಿತಾಂಶ ನೋಡುವಾಗ ಮಗು ಒಂಟಿಯಾಗಿರದಂತೆ ನೋಡಿಕೊಳ್ಳಿ. ಅಂಕ ಎಷ್ಟೇ ಬರಲಿ, ಮೊದಲು ಊಟ ಹಾಕಿ. ನೆಂಟರಿಗೆ ಫೋನು ಮಾಡುವುದು ಮರುದಿನಕ್ಕಿರಲಿ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಆಟವೂ ಬೇಡವಾಗಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಅದನ್ನು ಸೋಮಾರಿತನವೆಂದು ಬಗೆಯದೆ ವೈದ್ಯರಿಗೆ ತೋರಿಸಿ. "ನಾನು ಇರಲೇಬಾರದಿತ್ತು" ಎಂಬಂಥ ಮಾತು ಒಂದು ಸಲ ಬಂದರೂ ಅದೇ ದಿನ ಪಕ್ಕದಲ್ಲಿ ಕೂತು, ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬೇಡ. ಕೇಳಿದವರಿದ್ದಾರೆ ಎಂಬುದೇ ಮಗುವಿಗೆ ದೊಡ್ಡ ಆಸರೆ. ಹೌದೆಂದರೆ ಆ ದಿನ ಮಗುವನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೂ ಮಾಡಬಹುದು, ನಾವೂ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಜಿಲ್ಲೆಗಳಲ್ಲಿ ಈ ಸೇವೆ ಕೊಡುವ ಕಾರ್ಯಕ್ರಮ 1996ರಲ್ಲಿ ದೇಶಕ್ಕೆ ಬಂದದ್ದು, ಅದಕ್ಕೂ ಮುಂಚೆ ನಿಮ್ಹಾನ್ಸಿನವರು ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ. ನಮ್ಮ ರಾಜ್ಯವೇ ತೋರಿಸಿಕೊಟ್ಟ ದಾರಿಯಲ್ಲಿ ನಡೆಯಲು ನಮಗೇನು ಸಂಕೋಚ?

ಈ ಎರಡು ಸಂಖ್ಯೆಗಳನ್ನು ಕಛೇರಿಯ ಕೌಂಟರಿನ ಪಕ್ಕದ ಗೋಡೆಯ ಮೇಲೆ, ಧಾರಣೆಯ ಹಲಗೆಯ ಕೆಳಗೇ, ದೊಡ್ಡ ಅಕ್ಷರದಲ್ಲಿ ಬರೆಸಲಾಗಿದೆ. ಈ ಬೇಸಗೆಯಲ್ಲಿ ಮುಯ್ಯಿಗೆ ಮಕ್ಕಳನ್ನು ಕಳಿಸಲು, ಕರೆಸಿಕೊಳ್ಳಲು ಇಷ್ಟವಿರುವ ಸದಸ್ಯರು ಮನೆಯ ಹೆಸರು, ಮಕ್ಕಳ ವಯಸ್ಸು, ಅನುಕೂಲದ ದಿನಗಳನ್ನು ಕಛೇರಿಯ ಪುಸ್ತಕದಲ್ಲಿ ಬರೆಯಿರಿ. ಹತ್ತಿರ ಹತ್ತಿರದ ಮನೆಗಳನ್ನು ಜೋಡಿಸಿ ತಿಳಿಸುತ್ತೇವೆ. ಮಳೆಯ ಲೆಕ್ಕ ಬರೆದ ಮಕ್ಕಳು ಶಾಲೆ ಶುರುವಾಗುವ ಮುಂಚೆ ಅದರ ಒಂದು ಪ್ರತಿ ಕಳಿಸಿದರೆ ಜೂನ್ ಸಂಚಿಕೆಯಲ್ಲಿ ಅವರವರ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ. ಸೆಂಟಿನಲ್ಲಿದ್ದರೂ ಸರಿ, ಮಿಲಿಮೀಟರಿನಲ್ಲಿದ್ದರೂ ಸರಿ.